ಉಮ್ಮನ ವೀಸಾದಲ್ಲಿ ಬರೆದಿದ್ದ ಪದ

ನಮ್ಮ ಬ್ಯಾರಿಗಳಲ್ಲಿ ಒಂದಾದರೂ ಪಾಸ್‌ಪೋರ್ಟ್ ಇಲ್ಲದ ಮನೆ ಹುಡುಕಿದರೂ ಸಿಗುವುದು ಕಷ್ಟ. ಗಲ್ಫ್ ಕಂಡ ಸಮುದಾಯ ನಮ್ಮದು. ಕೆಲಸಕ್ಕೆ ಹೋಗುವ ಹುಡುಗರಂತೂ ವೀಸಾ ಕೈಗೆ ಬಂದ ತಕ್ಷಣ ವೃತ್ತಿಯ ಕಾಲಂ ನೋಡುತ್ತಾರೆ. ಬರೀ ಡ್ರೈವರ್ ಅಂತ ಇದೆಯೋ, ಹೌಸ್ ಡ್ರೈವರ್ ಅಂತ ಇದೆಯೋ, ಅಥವಾ ಸುಮ್ಮನೆ ‘ಆಮಿಲ್’ ಅಂತ ಬರೆದು ಕೂಲಿ ಕೆಲಸಕ್ಕೆ ಹಾಕುತ್ತಾರೋ ಎಂದು ನಾಲ್ಕು ಜನರಿಗೆ ವಾಟ್ಸಾಪ್‌ನಲ್ಲಿ ಕಳಿಸಿ ಕೇಳುತ್ತಾರೆ. ಹಿಂದೆ ಮೋಸ ಹೋದವರನ್ನು ನೋಡಿ ಕಲಿತ ಬುದ್ಧಿ ಅದು. ಆದರೆ ಅದೇ ಮನೆಯಿಂದ ಉಪ್ಪನೋ ಉಮ್ಮನೋ ಉಮ್ರಾಕ್ಕೆ ಹೊರಟಾಗ ವೀಸಾವನ್ನು ಯಾರೂ ಓದುವುದಿಲ್ಲ. ಏಜೆಂಟ್ ಕೊಟ್ಟ ಕವರ್ ಹಾಗೆಯೇ ಕೈಚೀಲಕ್ಕೆ ಹೋಗುತ್ತದೆ. ಏರ್‌ಪೋರ್ಟಿನ ಕೌಂಟರಿನವರು ತೆಗೆದು ನೋಡಿ ವಾಪಸ್ ಕೊಟ್ಟರೆ ಮತ್ತೆ ಕೈಚೀಲಕ್ಕೇ. ಪುಣ್ಯದ ಕೆಲಸಕ್ಕೆ ಹೋಗುವಾಗ ಕಾಗದ ಪತ್ರ ಎಂದು ಕೊರೆಯುವುದು ಏನೋ ಅಪನಂಬಿಕೆಯ ಹಾಗೆ ಕಾಣುತ್ತದೋ ಏನೋ.

ನಾವಿರುವುದು ಕೆಲಮಂಗಲದಲ್ಲಿ. ಹೊಸೂರಿನಿಂದ ಸ್ವಲ್ಪ ಒಳಗೆ, ಕೃಷ್ಣಗಿರಿ ಜಿಲ್ಲೆ. ನನ್ನ ಗಂಡ ಇಲ್ಲಿ ಬೇಕರಿ ಹಾಕಿ ಹದಿನಾಲ್ಕು ವರ್ಷವಾಯಿತು. ಊರಿನ ಬೋರ್ಡೆಲ್ಲ ತಮಿಳು, ಹಳಬರ ಬಾಯಲ್ಲಿ ಕನ್ನಡ ಮತ್ತು ತೆಲುಗು, ಮಸೀದಿಯ ಅಂಗಳದಲ್ಲಿ ಉರ್ದು, ನಮ್ಮ ಮನೆಯ ಒಳಗೆ ಬ್ಯಾರಿ. ಉಪ್ಪ ತೀರಿಕೊಂಡ ಮೇಲೆ ಉಮ್ಮ ಬಂಟ್ವಾಳದ ಕಡೆಯ ಮನೆಗೆ ಬೀಗ ಹಾಕಿ ನಮ್ಮ ಜೊತೆ ಬಂದರು. ಅವರ ವಯಸ್ಸು ಈಗ ಅರವತ್ತೆರಡು ದಾಟಿದೆ. ಮದುವೆಯಾದಂದಿನಿಂದ ಮೊಣಕಾಲು ಹಿಡಿದುಕೊಳ್ಳುವವರೆಗೆ ಬೀಡಿ ಕಟ್ಟಿದವರು. ಅವರಿಗೆ ಇಂಗ್ಲಿಷ್ ಬಾರದು, ತಮಿಳು ಓದಲು ಬಾರದು, ಕನ್ನಡ ಮೂರನೇ ಕ್ಲಾಸಿನಷ್ಟು. ಕುರ್‌ಆನ್ ಮಾತ್ರ ಸರಾಗವಾಗಿ ಓದುತ್ತಾರೆ, ಮದ್ರಸದಲ್ಲಿ ಕಲಿತದ್ದು.

ಪಾಸ್‌ಪೋರ್ಟ್ ಮಾಡಿಸುವಾಗಲೇ ಮೊದಲ ತೊಡಕು ಬಂತು, ಹೆಸರಿನದ್ದು. ಉಮ್ಮನ ಹೆಸರು ಅವ್ವಮ್ಮ. ಊರಿನ ವೋಟರ್ ಕಾರ್ಡಿನಲ್ಲಿ ಹವ್ವಮ್ಮ. ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಅವ್ವಮ್ಮ ಅಂತ ಸರಿಯಾಗಿಯೇ ಇತ್ತು. ಇಲ್ಲಿಗೆ ಬಂದು ವಿಳಾಸ ಬದಲಾಯಿಸಿ ರೇಶನ್ ಕಾರ್ಡಿಗೆ ಸೇರಿಸಿದ ಮೇಲೆ, ಬರೆದುಕೊಂಡವರು ಪ್ರೀತಿಯಿಂದಲೇ ಇರಬೇಕು, ತಮಿಳಿನ ಮರ್ಯಾದೆಗೆ ತಕ್ಕಂತೆ ‘ಅವ್ವಮ್ಮಾಳ್’ ಮಾಡಿಬಿಟ್ಟಿದ್ದರು. ನಮ್ಮ ಹೆಂಗಸರ ಹೆಸರುಗಳಿಗೆ ಇದು ತಪ್ಪಿದ್ದಲ್ಲ. ತಮಿಳು ಲಿಪಿಯಲ್ಲಿ ಪ, ಬ, ಫ ಎಲ್ಲಕ್ಕೂ ಒಂದೇ ಅಕ್ಷರ. ಬೀಫಾತಿಮ ಎಂಬ ಹೆಸರು ತಮಿಳಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದರೆ ‘ಪೀಪಾತ್ತಿಮಾ’ ಆಗಿರುತ್ತದೆ. ಗಡಿ ಊರುಗಳಲ್ಲಿ ಇರುವ ನಮ್ಮವರು ಯಾತ್ರೆಯ ಯೋಚನೆ ಬರುವುದಕ್ಕೆ ಎರಡು ವರ್ಷ ಮೊದಲೇ ಈ ಕಾಗದಗಳನ್ನೆಲ್ಲ ಚಾಪೆ ಮೇಲೆ ಹರಡಿ ಅಕ್ಷರ ಅಕ್ಷರ ಹೊಂದಿಸಿಕೊಳ್ಳುವುದು ಒಳ್ಳೆಯದು. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ವೀಸಾ, ವೀಸಾದಲ್ಲಿ ಇರುವ ಹಾಗೆಯೇ ಟಿಕೆಟ್. ನಡುವೆ ಒಂದು ಅಕ್ಷರ ಆಚೀಚೆಯಾದರೂ ಕೌಂಟರಿನಲ್ಲಿ ನಿಂತು ಉತ್ತರ ಕೊಡಬೇಕಾದವರು ವಯಸ್ಸಾದ ತಾಯಿ, ಏಜೆಂಟ್ ಅಲ್ಲ.

ಇನ್ನೊಂದು, ಒಂಟಿ ಹೆಸರು. ನಮ್ಮ ಹಿರಿಯರಿಗೆ ಮನೆತನದ ಹೆಸರು ಇಲ್ಲ, ಸರ್‌ನೇಮ್ ಕಾಲಂ ಖಾಲಿ. 2022ರ ನವೆಂಬರ್‌ನಲ್ಲಿ ಯುಎಇಯವರು ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂದಾಗ ಎಷ್ಟು ಗಲಿಬಿಲಿಯಾಯಿತು ನೆನಪಿರಬಹುದು. ಆಮೇಲೆ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಆದೀತು ಎಂದು ಸಡಿಲಿಸಿದರು. ಅದು ಸೌದಿಯ ನಿಯಮವಲ್ಲ ನಿಜ, ಆದರೆ ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವಾಗಲೇ ಗಂಡನದ್ದೋ ತಂದೆಯದ್ದೋ ಹೆಸರನ್ನು ಆ ಕಾಲಂನಲ್ಲಿ ತುಂಬಿಸಿಬಿಟ್ಟರೆ ಮುಂದಿನ ತಲೆನೋವು ಅಷ್ಟರಮಟ್ಟಿಗೆ ಕಡಿಮೆ. ಉಮ್ಮನಿಗೆ ಉಪ್ಪನ ಹೆಸರು ಹಾಕಿಸಿದೆವು.

ಪಾಸ್‌ಪೋರ್ಟ್ ಬಂದದ್ದು 2023ರ ಕೊನೆಗೆ. ತಮ್ಮ ಜುಬೈಲ್‌ನಲ್ಲಿ ಒಂದು ಕಂಪನಿಯಲ್ಲಿದ್ದಾನೆ, ಹೆಂಡತಿ ಮಕ್ಕಳೂ ಅಲ್ಲೇ. ಇಖಾಮ ಇರುವ ಮಗ ತಂದೆ ತಾಯಿಗೆ ಫ್ಯಾಮಿಲಿ ವಿಸಿಟ್ ವೀಸಾ ತೆಗೆಯಬಹುದು. ಸೌದಿ ವಿದೇಶಾಂಗ ಇಲಾಖೆಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಮಂಜೂರಾತಿ ಪಡೆದರೆ, ಇಲ್ಲಿ ನಾವು ವೀಸಾ ಕೇಂದ್ರದಲ್ಲಿ ಬೆರಳಚ್ಚು, ಫೋಟೊ ಕೊಡಬೇಕು. ಬೆಂಗಳೂರಿಗೆ ಕರೆದುಕೊಂಡು ಹೋದೆ. ಉಮ್ಮನ ಬೆರಳು ಯಂತ್ರಕ್ಕೆ ಹತ್ತಲೇ ಇಲ್ಲ! ಎಲೆ ಒತ್ತಿ ಒತ್ತಿ, ನೂಲು ಎಳೆದು ಎಳೆದು ಹೆಬ್ಬೆಟ್ಟಿನ ಗೆರೆಯೆಲ್ಲ ಸವೆದಿದೆ. ಬೀಡಿ ಕಟ್ಟಿದ ಕೈಗಳಿಗೆಲ್ಲ ಇದೇ ಗತಿ, ಆಧಾರ್ ಮಾಡಿಸುವಾಗಲೂ ಇದೇ ಕಥೆ. ಕೈ ತೊಳೆಸಿ, ಒರೆಸಿ, ಸ್ವಲ್ಪ ಎಣ್ಣೆ ಸವರಿ, ಐದನೆಯದೋ ಆರನೆಯದೋ ಸಲಕ್ಕೆ ಹಸಿರು ದೀಪ ಬಂತು. ಅಲ್ಲಿದ್ದ ಹುಡುಗಿ ತಾಳ್ಮೆಯವಳು, ಅವಳಿಗೆ ಅಲ್ಲಾಹ್ ಬರಕತ್ ಕೊಡಲಿ.

ವೀಸಾ ಎಂದರೆ ಪಾಸ್‌ಪೋರ್ಟಿನ ಹಾಳೆಗೆ ಅಂಟಿಸುವ ಹಸಿರು ಸ್ಟಿಕ್ಕರ್ ಎಂಬುದು ಹಳೆಯ ಮಾತಾಯಿತು. 2023ರ ಮೇ ತಿಂಗಳಿಂದ ಭಾರತದವರಿಗೆ ಸ್ಟಿಕ್ಕರ್ ಬದಲು ಕ್ಯೂಆರ್ ಕೋಡ್ ಇರುವ ಒಂದು ಕಾಗದ. ಒಂದು ಬದಿ ಇಂಗ್ಲಿಷ್, ಒಂದು ಬದಿ ಅರಬಿ. ಯಾವಾಗ ಒಳಗೆ ಬರಬಹುದು, ಎಷ್ಟು ದಿನ ಇರಬಹುದು, ಎಷ್ಟು ಸಲ ಬರಬಹುದು, ವೀಸಾ ಯಾವ ಬಗೆಯದು ಎಲ್ಲವೂ ಅದರಲ್ಲಿಯೇ ಇದೆ. ಪ್ರಿಂಟ್ ತೆಗೆದು ಉಮ್ಮನ ಕೈಗೆ ಕೊಟ್ಟೆ. ನಾನು ಇಂಗ್ಲಿಷ್ ಕಡೆ ನೋಡುತ್ತಿದ್ದರೆ ಅವರು ಕನ್ನಡಕ ಹಾಕಿಕೊಂಡು ಅರಬಿ ಕಡೆ ಬೆರಳಿಟ್ಟು, ಮದ್ರಸದ ಮಕ್ಕಳ ಹಾಗೆ ಅಕ್ಷರ ಕೂಡಿಸಿ ಓದುತ್ತಿದ್ದರು. ಒಂದು ಕಡೆ ಬೆರಳು ನಿಂತಿತು.

“ಝಿಯಾರ ಅಂತ ಇದೆ!” ಎಂದರು. ಕಣ್ಣು ತುಂಬಿತ್ತು.

ನಮ್ಮ ಬಾಯಲ್ಲಿ ಝಿಯಾರತ್ ಎಂದರೆ ಏನು ಎಂದು ನಿಮಗೆ ಹೇಳಬೇಕಾಗಿಲ್ಲ. ಉಳ್ಳಾಲಕ್ಕೆ ಹೋಗುವುದು ಝಿಯಾರತ್, ಅಜ್ಮೀರಿಗೆ ಹೋಗುವುದು ಝಿಯಾರತ್, ಮದೀನಾದಲ್ಲಿ ಮುತ್ತುನೆಬಿಯವರ ರೌಳಾದ ಮುಂದೆ ಸಲಾಂ ಹೇಳುವುದು ಎಲ್ಲಕ್ಕಿಂತ ದೊಡ್ಡ ಝಿಯಾರತ್. ಉಮ್ಮನಿಗೆ ಸೌದಿಯ ಸರಕಾರವೇ ‘ನೀನು ಝಿಯಾರತ್‌ಗೆ ಬಾ’ ಎಂದು ಮುದ್ರೆ ಒತ್ತಿ ಕಳಿಸಿದ ಹಾಗೆ ಕಂಡಿತು. ಅರಬಿಯಲ್ಲಿ ಝಿಯಾರ ಎಂದರೆ ಬರೀ ಭೇಟಿ. ನೆಂಟರ ಮನೆಗೆ ಹೋಗುವುದೂ ಝಿಯಾರವೇ, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡುವುದೂ ಝಿಯಾರವೇ. ಆ ಕಾಗದದಲ್ಲಿ ಇದ್ದದ್ದು ‘ಝಿಯಾರ ಆಇಲಿಯ್ಯ’, ಅಂದರೆ ಕುಟುಂಬದ ಭೇಟಿ, ಅಷ್ಟೆ. ನಾನು ಹೇಳಿದೆ. ಉಮ್ಮ ಕೇಳಿಸಿಕೊಂಡರು, ಆದರೆ ಕಾಗದವನ್ನು ಮಡಿಸಿ ಮುಸಲ್ಲಾದ ಒಳಗಿಟ್ಟ ರೀತಿ ನೋಡಿದರೆ ನನ್ನ ಅರ್ಥ ಅವರಿಗೆ ರುಚಿಸಿರಲಿಲ್ಲ.

2024ರ ಫೆಬ್ರವರಿ ಮಧ್ಯದಲ್ಲಿ ಉಮ್ಮ ಹೊರಟರು. ಊರಿಗೆ ಹೋಗಿ ತಂಗಿಯನ್ನು ನೋಡಿ, ಮಂಗಳೂರಿನಿಂದ ದಮ್ಮಾಮಿಗೆ. ಫ್ಯಾಮಿಲಿ ವಿಸಿಟ್ ವೀಸಾದಲ್ಲಿ ಹೋದವರು ಉಮ್ರಾ ಮಾಡಬಹುದು, ಅದಕ್ಕೆ ಅಡ್ಡಿಯಿಲ್ಲ. ನುಸುಕ್ ಆ್ಯಪ್‌ನಲ್ಲಿ ಸಮಯ ಗೊತ್ತುಮಾಡಿಕೊಂಡರೆ ಆಯಿತು. ಮದೀನಾದಲ್ಲಿ ರೌಳಾ ಶರೀಫಿನ ಒಳಗೆ ನಮಾಝ್ ಮಾಡಲೂ ಅದರಲ್ಲಿಯೇ ಪರ್ಮಿಟ್ ತೆಗೆಯಬೇಕು. ಇದನ್ನು ತಿಳಿಯದೆ ಹೋಗಿ ಬಾಗಿಲಲ್ಲಿ ಅತ್ತುಕೊಂಡು ಹಿಂದೆ ಬಂದ ನಮ್ಮೂರಿನ ಹೆಂಗಸರು ಎಷ್ಟೋ ಜನ. ರಮಳಾನಿನಲ್ಲಿ ತಮ್ಮ ರಜೆ ಹಾಕಿ ಉಮ್ಮನನ್ನು ಮಕ್ಕಾಕ್ಕೆ ಕರೆದುಕೊಂಡು ಹೋದ. ಕಅಬಾ ಕಂಡ ರಾತ್ರಿ ಉಮ್ಮ ವೀಡಿಯೊ ಕಾಲ್‌ನಲ್ಲಿ ಮಾತೇ ಆಡಲಿಲ್ಲ. ನನ್ನ ಗಂಡ ಬೇಕರಿಯ ಒಲೆಯ ಮುಂದೆ ನಿಂತು ಅಳುತ್ತಿದ್ದರು.

ಇಲ್ಲಿಯವರೆಗೆ ಎಲ್ಲವೂ ಖೈರ್.

ಪೆರ್ನಾಲ್ ಕಳೆದು ಹತ್ತು ಹದಿನೈದು ದಿನಕ್ಕೆ ತಮ್ಮನ ಫೋನ್. ಅವನ ದನಿಯಲ್ಲಿಯೇ ಏನೋ ಇತ್ತು. ಜುಬೈಲ್‌ನಲ್ಲಿ ಒಬ್ಬರು ಸಿಕ್ಕಿದ್ದಾರಂತೆ, ಜನರನ್ನು ಹಜ್‌ಗೆ ಕರೆದೊಯ್ಯುವವರಂತೆ. ಉಮ್ಮನ ತೊಂಬತ್ತು ದಿನ ಮೇ ಮಧ್ಯಕ್ಕೆ ಮುಗಿಯುತ್ತದೆ, ಆದರೆ ವಿಸಿಟ್ ವೀಸಾ ಆನ್‌ಲೈನ್‌ನಲ್ಲಿ ವಿಸ್ತರಿಸಬಹುದು. ಒಂದು ತಿಂಗಳು ಹೆಚ್ಚಿಗೆ ನಿಲ್ಲಿಸಿದರೆ ಹಜ್ ಬಂದೇ ಬಿಡುತ್ತದೆ. ಮೊದಲೇ ಮಕ್ಕಾದೊಳಗೆ ರೂಮಿನಲ್ಲಿ ಕೂರಿಸಿ, ಅರಫಾ ದಿನ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ನಮ್ಮ ರೂಪಾಯಿಯಲ್ಲಿ ಒಂದೂವರೆ ಲಕ್ಷಕ್ಕಿಂತ ಕಡಿಮೆ. ಅದೇ ವರ್ಷ ಖಾಸಗಿ ಟೂರ್‌ನವರು ನಮಗೆ ಹೇಳಿದ್ದು ಆರು ಲಕ್ಷದ ಮೇಲೆ.

ಹಿಂದಿನಿಂದ ಉಮ್ಮನ ದನಿ: “ಕಾಗದದಲ್ಲೇ ಝಿಯಾರ ಅಂತ ಇದೆಯಲ್ಲ, ಯಾರು ತಡೆಯುತ್ತಾರೆ?”

ಆ ಮಾತಿನ ಮುಂದೆ ಏನು ಹೇಳುವುದು? ಬೀಡಿಯ ದುಡ್ಡಿನಲ್ಲಿ ಮಾಡಿಸಿದ ಎರಡು ಪವನಿನ ಬಳೆಯನ್ನು ಹಜ್‌ಗೆಂದು ಎತ್ತಿಟ್ಟವರು. ಮೊಣಕಾಲು ಇನ್ನೆಷ್ಟು ವರ್ಷ ನಡೆಯುತ್ತದೋ ಗೊತ್ತಿಲ್ಲ. ಮಕ್ಕಾದ ನೆಲ ಮುಟ್ಟಿ ಬಂದಾಗಿದೆ, ಹಜ್ ಇನ್ನು ಆರೇಳು ವಾರ ದೂರ. ಆ ಪರಿಸ್ಥಿತಿಯಲ್ಲಿ ‘ಬೇಡ, ಮನೆಗೆ ಬನ್ನಿ’ ಎಂದು ಮಗಳೇ ಹೇಳಬೇಕು. ನಾನು ಹೇಳಿದೆ. ಸುಮ್ಮನೆ ಹೇಳಿದರೆ ಕೇಳುವವರಲ್ಲ ಎಂದು ಗೊತ್ತಿದ್ದ ಕಾರಣ ಮೂರು ದಿನ ಕೂತು ಓದಿ, ವಿಚಾರಿಸಿ, ಆಮೇಲೆ ಹೇಳಿದೆ.

ಓದಿ ತಿಳಿದದ್ದು ಇಷ್ಟು. ಹಜ್‌ಗೆ ಹಜ್ ವೀಸಾವೇ ಬೇಕು, ಇಲ್ಲವೇ ಸೌದಿಯಲ್ಲಿ ನೆಲೆಸಿರುವವರಿಗೆ ಅಲ್ಲಿನ ಹಜ್ ಪರ್ಮಿಟ್. ಉಮ್ರಾ ವೀಸಾ, ಟೂರಿಸ್ಟ್ ವೀಸಾ, ಫ್ಯಾಮಿಲಿ ವಿಸಿಟ್, ಬಿಸಿನೆಸ್ ವಿಸಿಟ್, ಯಾವುದೂ ಹಜ್‌ಗೆ ಸಲ್ಲದು. 2024ರಲ್ಲಿ ಮೇ 23ರಿಂದ ಜೂನ್ 21ರವರೆಗೆ ಯಾವ ಬಗೆಯ ವಿಸಿಟ್ ವೀಸಾದವರೂ ಮಕ್ಕಾಕ್ಕೆ ಕಾಲಿಡುವಂತೆಯೇ ಇರಲಿಲ್ಲ. ಸಿಕ್ಕಿಬಿದ್ದರೆ ಹತ್ತು ಸಾವಿರ ರಿಯಾಲ್ ದಂಡ, ಗಡೀಪಾರು, ಮತ್ತೆ ಬರದಂತೆ ನಿಷೇಧ. ಪರ್ಮಿಟ್ ಇಲ್ಲದವರನ್ನು ವಾಹನದಲ್ಲಿ ಸಾಗಿಸಿದವರಿಗೆ ಆರು ತಿಂಗಳವರೆಗೆ ಜೈಲು, ಐವತ್ತು ಸಾವಿರ ರಿಯಾಲ್‌ವರೆಗೆ ದಂಡ. ತಮ್ಮ ತನ್ನ ಕಾರಿನಲ್ಲಿ ಉಮ್ಮನನ್ನು ಬಿಟ್ಟು ಬರುತ್ತೇನೆ ಎಂದಿದ್ದ. ಅವನ ಇಖಾಮ, ಕೆಲಸ, ಇಬ್ಬರು ಮಕ್ಕಳ ಶಾಲೆ ಎಲ್ಲವೂ ಆ ಒಂದು ಕಾರಿನೊಳಗೆ ಕೂತ ಹಾಗಾಗುತ್ತಿತ್ತು. ಮರುವರ್ಷ ನಿಯಮ ಇನ್ನೂ ಬಿಗಿಯಾಯಿತು: ದಂಡ ಇಪ್ಪತ್ತು ಸಾವಿರದವರೆಗೆ, ಹಾಗೆ ಹಜ್‌ಗೆ ಹೊರಟವರಿಗೆ ವಿಸಿಟ್ ವೀಸಾ ತೆಗೆಸಿಕೊಟ್ಟವರಿಗೆ ಒಂದು ಲಕ್ಷ ರಿಯಾಲ್‌ವರೆಗೆ. ವೀಸಾ ತೆಗೆಸಿಕೊಟ್ಟವರು ಎಂದರೆ ಬೇರೆ ಯಾರಲ್ಲ, ನಮ್ಮ ಮಕ್ಕಳು.

ದಂಡದ ಲೆಕ್ಕ ಹೇಳಿದರೆ ಉಮ್ಮ, “ಅಲ್ಲಾಹನ ಮನೆಗೆ ಹೋಗಲು ಇವರ ಚೀಟಿ ಯಾಕೆ?” ಎಂದರು. ಈ ಪ್ರಶ್ನೆ ನಮ್ಮ ಎಷ್ಟೋ ಹಿರಿಯರದ್ದು, ನಗುವಂಥದ್ದಲ್ಲ. ಉಪ್ಪನ ಉಪ್ಪ 1960ರ ದಶಕದಲ್ಲಿ ಮುಂಬೈಯಿಂದ ಹಡಗಿನಲ್ಲಿ ಹೋದವರು. ಆದರೆ ಅವರ ಕೈಯಲ್ಲೂ ಚೀಟಿ ಇತ್ತು. ಪೂರ್ಣ ಪಾಸ್‌ಪೋರ್ಟ್ ಅಲ್ಲ, ಯಾತ್ರಿಕರಿಗೆಂದೇ ಕೊಡುತ್ತಿದ್ದ ಪಿಲ್ಗ್ರಿಮ್ ಪಾಸ್. ನೋಟು ಕೂಡ ಬೇರೆ ಇತ್ತು: 1959ರಲ್ಲಿ ರಿಸರ್ವ್ ಬ್ಯಾಂಕ್ ಹಜ್‌ಗೆ ಹೋಗುವವರಿಗಾಗಿ ಹತ್ತು ಮತ್ತು ನೂರು ರೂಪಾಯಿಯ ವಿಶೇಷ ನೋಟು ಹೊರಡಿಸಿತ್ತು, ನಂಬರಿನ ಮುಂದೆ ‘ಎಚ್‌ಎ’ ಎಂಬ ಗುರುತಿನೊಂದಿಗೆ. ಮುಂಬೈ ಹಡಗು ನಿಂತದ್ದು 1995ರಲ್ಲಿ. ಆ ಪಾಸ್ ಹೋಗಿ ಎಲ್ಲರಿಗೂ ಅಂತಾರಾಷ್ಟ್ರೀಯ ಪಾಸ್‌ಪೋರ್ಟೇ ಬೇಕು ಎಂದಾದದ್ದು 2009ರ ಸುಮಾರಿಗೆ. ಚೀಟಿ ಇಲ್ಲದ ಹಜ್ ನಮ್ಮ ಕುಟುಂಬದ ನೆನಪಿನಲ್ಲಿ ಯಾವಾಗಲೂ ಇರಲಿಲ್ಲ. ಚೀಟಿಯ ಬಣ್ಣ ಬದಲಾಗಿದೆ, ಅಷ್ಟೆ.

ಉಮ್ಮನನ್ನು ಒಪ್ಪಿಸಿದ್ದು ನಾನಲ್ಲ, ಊರಿನ ಉಸ್ತಾದರು. ಫೋನಿನಲ್ಲಿ ಮಾತಾಡಿಸಿದೆ. ಅವರು ದಂಡದ ಮಾತೇ ಎತ್ತಲಿಲ್ಲ. ಹಜ್ ಫರ್ಳ್ ಆಗುವುದು ಸಾಧ್ಯವಿರುವವರಿಗೆ, ಆ ಸಾಧ್ಯತೆಯಲ್ಲಿ ದುಡ್ಡು, ಆರೋಗ್ಯದ ಜೊತೆ ದಾರಿಯ ನಿರ್ಭಯವೂ ಸೇರಿದೆ, ಪೊಲೀಸರನ್ನು ಕಂಡು ಅಡಗುವ ದಾರಿ ನಿರ್ಭಯದ ದಾರಿಯಲ್ಲ, ಅಂಥ ದಾರಿ ಮಾತ್ರ ಇರುವಾಗ ನಿಮ್ಮ ಮೇಲೆ ಹಜ್ ಬಾಧ್ಯವೇ ಆಗಿಲ್ಲ ಎಂದರು. ಸೌದಿಯ ಹಿರಿಯ ಉಲಮಾಗಳ ಸಮಿತಿ ಅದೇ ಏಪ್ರಿಲ್‌ನಲ್ಲಿ ಪರ್ಮಿಟ್ ಇಲ್ಲದೆ ಹಜ್‌ಗೆ ಹೋಗುವುದು ಸಲ್ಲದು, ಹೋದವರು ಗುನಾಹ್‌ಗಾರರು ಎಂದು ಹೇಳಿದ್ದನ್ನೂ ತಿಳಿಸಿದರು. ಉಮ್ಮ ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಟಿಕೆಟ್ ಮಾಡು” ಎಂದರಂತೆ ತಮ್ಮನಿಗೆ. ಮೇ ಎರಡನೇ ವಾರ ಬಂದರು. ಬಂದ ಮೇಲೆ ನನ್ನ ಜೊತೆ ಸರಿಯಾಗಿ ಮಾತಾಡಲು ಒಂದು ತಿಂಗಳು ಹಿಡಿಯಿತು. ಊಟ ಬಡಿಸಿದರೆ ತಿನ್ನುತ್ತಿದ್ದರು, ಅಷ್ಟೆ.

ಆ ಜೂನ್‌ನಲ್ಲಿ ಏನಾಯಿತು ಎಂಬುದು ಎಲ್ಲರಿಗೂ ಗೊತ್ತಿದೆ. ಜೂನ್ 17ರಂದು ಮಸ್ಜಿದುಲ್ ಹರಾಮ್‌ನಲ್ಲಿ ಬಿಸಿಲು 51.8 ಡಿಗ್ರಿ ಮುಟ್ಟಿತು. ಸೌದಿ ಸರಕಾರವೇ ಹೇಳಿದ ಲೆಕ್ಕದಂತೆ 1,301 ಜನ ತೀರಿಕೊಂಡರು, ಅವರಲ್ಲಿ ಶೇಕಡಾ 83 ಮಂದಿ ಪರ್ಮಿಟ್ ಇಲ್ಲದವರು. ಅದೇಕೆ ಹಾಗೆ ಎಂದು ನಾನು ಅನೇಕರಿಗೆ ವಿವರಿಸಬೇಕಾಯಿತು. ಮಿನಾದ ಟೆಂಟು, ಅದರ ಎಸಿ, ಅರಫಾಕ್ಕೆ ಹೋಗುವ ಬಸ್ಸು, ಊಟ, ನೀರು ಎಲ್ಲವೂ ಹಜ್ ವೀಸಾದ ಲೆಕ್ಕಕ್ಕೆ ತಕ್ಕಂತೆ ಮೊದಲೇ ಹಂಚಿ ಹೋಗಿರುತ್ತದೆ. ಲೆಕ್ಕದಲ್ಲಿ ಇಲ್ಲದವರಿಗೆ ಕೂರಲು ನೆರಳಿಲ್ಲ, ಹತ್ತಲು ಬಸ್ಸಿಲ್ಲ. ಕಿಲೋಮೀಟರುಗಟ್ಟಲೆ ಆ ಬಿಸಿಲಿನಲ್ಲಿ ನಡೆಯಬೇಕು. ಸುಸ್ತಾದರೂ ಆಸ್ಪತ್ರೆಗೆ ಹೋಗಲು ಹೆದರಿಕೆ. ಈಜಿಪ್ಟಿನಲ್ಲಿ ಹಾಗೆ ಜನರನ್ನು ಕಳಿಸಿದ 16 ಟ್ರಾವೆಲ್ಸ್‌ಗಳ ಲೈಸೆನ್ಸ್ ಹೋಯಿತು, ಟುನೀಶಿಯಾದಲ್ಲಿ ಧಾರ್ಮಿಕ ವ್ಯವಹಾರಗಳ ಮಂತ್ರಿಯೇ ಹುದ್ದೆ ಕಳೆದುಕೊಂಡರು. ಜುಬೈಲ್‌ನಿಂದ ಆ ಬಸ್ಸಿನಲ್ಲಿ ಹೋದವರನ್ನು ತಾಯಿಫ್ ದಾರಿಯ ಚೆಕ್‌ಪೋಸ್ಟಿನಲ್ಲಿಯೇ ಇಳಿಸಿ ಹಿಂದೆ ಕಳಿಸಿದರು ಎಂದು ತಮ್ಮ ಹೇಳಿದ. ದುಡ್ಡು ವಾಪಸ್ ಬರಲಿಲ್ಲ, ಜೀವ ಬಂತು.

ಟಿವಿಯಲ್ಲಿ ರಸ್ತೆ ಬದಿಯಲ್ಲಿ ಬಿದ್ದವರನ್ನು ತೋರಿಸುವಾಗ ಉಮ್ಮ ಎದ್ದು ಒಳಗೆ ಹೋದರು. ಅಂದು ರಾತ್ರಿ ನನ್ನ ಹತ್ತಿರ ಬಂದು ಕೂತು, ಸರಿಯಾದ ಹಜ್‌ಗೆ ಏನು ಮಾಡಬೇಕು ಎಂದು ಕೇಳಿದರು.

ಅದರ ದಾರಿ ಉದ್ದವಿದೆ, ಆದರೆ ಅಡಗಬೇಕಾಗಿಲ್ಲ. ಭಾರತಕ್ಕೆ ಒಟ್ಟು 1,75,025 ಜನರ ಕೋಟಾ. 2025ರ ಹಜ್‌ಗೆ ಅದರಲ್ಲಿ ಶೇಕಡಾ 70 ಹಜ್ ಕಮಿಟಿಗೆ, ಉಳಿದದ್ದು ಖಾಸಗಿಯವರಿಗೆ. ಅರ್ಜಿ 2024ರ ಆಗಸ್ಟ್‌ನಲ್ಲಿಯೇ ಶುರು, ಅಂದರೆ ಹಜ್‌ಗೆ ಹತ್ತು ತಿಂಗಳು ಮೊದಲು. ನಮ್ಮಲ್ಲಿ ಎಷ್ಟೋ ಜನ ರಮಳಾನ್ ಕಳೆದ ಮೇಲೆ ‘ಈ ವರ್ಷ ಹಜ್‌ಗೆ ಹೋಗೋಣವೇ’ ಎಂದು ಮಾತು ಶುರುಮಾಡುತ್ತಾರೆ. ಅಷ್ಟರಲ್ಲಿ ಹಜ್ ಕಮಿಟಿಯ ಬಾಗಿಲು ಮುಚ್ಚಿ ತಿಂಗಳುಗಳಾಗಿರುತ್ತವೆ, ತೆರೆದಿರುವುದು ಅಡ್ಡದಾರಿಯವರ ಬಾಗಿಲು ಮಾತ್ರ.

ಯಾವ ರಾಜ್ಯದ ಮೂಲಕ ಅರ್ಜಿ? ಉಮ್ಮನ ಮನಸ್ಸು ಕರ್ನಾಟಕದ ಕಡೆಗೇ. ಆದರೆ ಪಾಸ್‌ಪೋರ್ಟಿನ ವಿಳಾಸ ಕೆಲಮಂಗಲ, ಹಾಗಾಗಿ ತಮಿಳುನಾಡಿನ ಪಟ್ಟಿ. ವಿಮಾನ ಹತ್ತುವ ಊರು ಮಾತ್ರ ಅರ್ಜಿಯಲ್ಲಿ ನಾವೇ ಆರಿಸುವುದು. ನಮಗೆ ಚೆನ್ನೈ ಮುನ್ನೂರು ಕಿಲೋಮೀಟರ್ ಮೇಲೆ, ದೇವನಹಳ್ಳಿ ಏರ್‌ಪೋರ್ಟ್ ನೂರರ ಆಸುಪಾಸು. ಬೆಂಗಳೂರು ಬರೆದೆವು. ಊರಿನವರಿಗೂ ಈಗ ಅದೇ ಪಾಡು. ಕೋವಿಡ್ ಬಂದ ವರ್ಷ ಮಂಗಳೂರಿನ ಹಜ್ ವಿಮಾನ ನಿಂತದ್ದು, ಆಮೇಲೆ ನಮ್ಮವರು ಬೆಂಗಳೂರಿಗೋ ಕಣ್ಣೂರಿಗೋ ಓಡಬೇಕು.

ಇನ್ನು ಮಹ್ರಮ್ ವಿಷಯ. ಉಮ್ಮ ವಿಧವೆ, ತಮ್ಮನಿಗೆ ಇಲ್ಲಿಂದ ಬರಲಾಗದು, ಅಳಿಯನಿಗೆ ಬೇಕರಿ ಬಿಟ್ಟು ನಲವತ್ತು ದಿನ ಹೋಗಲಾಗದು. 2018ರಿಂದ 45 ದಾಟಿದ ಹೆಂಗಸರು ನಾಲ್ಕು ಜನ ಸೇರಿ ಮಹ್ರಮ್ ಇಲ್ಲದೆ ಹಜ್ ಕಮಿಟಿಯ ಮೂಲಕ ಹೋಗಬಹುದು. ಮೊದಲ ವರ್ಷ ಸಾವಿರ ದಾಟಿದ ಸಂಖ್ಯೆ 2023ಕ್ಕೆ ನಾಲ್ಕು ಸಾವಿರ ದಾಟಿತು. ಈ ಬಗೆಯ ಅರ್ಜಿಗೆ ಆಯ್ಕೆಯಲ್ಲಿ ಆದ್ಯತೆಯೂ ಇದೆ. ವೀಸಾ ಕೊಡುವವರಿಗೆ ಆಕ್ಷೇಪವಿಲ್ಲ, ಸರಿ, ನಮ್ಮ ದೀನ್ ಏನು ಹೇಳುತ್ತದೆ? ಮತ್ತೆ ಉಸ್ತಾದರನ್ನೇ ಕೇಳಿದೆವು. ನಾವು ಶಾಫಿಈಗಳು. ಫರ್ಳ್ ಆದ ಹಜ್‌ಗೆ ನಂಬಿಕಸ್ಥ ಹೆಂಗಸರ ಗುಂಪಿನ ಜೊತೆ ಹೋಗಬಹುದು, ಸುನ್ನತ್ತಾದ ಯಾತ್ರೆಗೆ ಆ ರಿಯಾಯಿತಿ ಇಲ್ಲ ಎಂದರು. ಇಲ್ಲಿನ ಉರ್ದು ಮಾತಾಡುವ ನೆರೆಯವರು ಹನಫಿಗಳು, ಅವರ ಮದ್‌ಹಬ್‌ನಲ್ಲಿ ಇದು ಹಾಗಿಲ್ಲ. ಹೊಸೂರಿನ ಒಬ್ಬ ಆಪಾ ಉಮ್ಮನ ಜೊತೆ ಬರಲು ತುಂಬ ಆಸೆಪಟ್ಟು, ಅವರ ಮೌಲಾನಾರನ್ನು ಕೇಳಿ ಹಿಂದೆ ಸರಿದರು. ಉಮ್ಮ ಅವರ ಮನೆಗೆ ಹೋಗಿ, ಅವರಿಗಾಗಿ ಅರಫಾದಲ್ಲಿ ದುಆ ಮಾಡುತ್ತೇನೆ ಎಂದು ಹೇಳಿ ಬಂದರು. ವೀಸಾದ ನಿಯಮ ಎಲ್ಲರಿಗೂ ಒಂದೇ ಆದರೂ ಮದ್‌ಹಬ್ ಒಂದೇ ಅಲ್ಲವಲ್ಲ. ಆ ಹೆಂಗಸರ ಗುಂಪಿಗೆ ಕೊನೆಗೆ ಊರಿನಿಂದ ಬಂದು ಇಲ್ಲಿಯೇ ನೆಲೆಸಿದ ನಮ್ಮವರೇ ಸಿಕ್ಕಿದರು.

ಅರ್ಜಿ ತುಂಬುವುದು ಫೋನಿನಲ್ಲಿಯೇ ಆಯಿತು, ಹಜ್ ಸುವಿಧಾ ಆ್ಯಪ್‌ನಲ್ಲಿ. ಅಕ್ಟೋಬರ್‌ನಲ್ಲಿ ಹೆಸರು ಬಂತು. ಮೊದಲ ಕಂತು 1,30,300 ರೂಪಾಯಿ, ಒಂದು ಬಳೆ ಅಲ್ಲಿಗೆ ಹೋಯಿತು, ಎರಡನೇ ಕಂತಿಗೆ ಇನ್ನೊಂದು. ಉಳಿದದ್ದನ್ನು ನಾವು ಮಕ್ಕಳು ಹಾಕಿದೆವು. ಒಟ್ಟು ಮೂರು ಲಕ್ಷ ದಾಟಿತು. ಮೆಡಿಕಲ್ ಸರ್ಟಿಫಿಕೇಟು, ಮೆದುಳುಜ್ವರದ ಲಸಿಕೆ, ತರಬೇತಿ ಎಲ್ಲ ಒಂದೊಂದಾಗಿ ಮುಗಿದವು.

ಖಾಸಗಿಯಾಗಿ ಹೋಗುವವರು ಬುದ್ಧಿವಂತರು, ಕಮಿಟಿಯದ್ದು ತಾಪತ್ರಯ ಎಂಬ ಮಾತು ನಮ್ಮಲ್ಲಿದೆ. ಆ ವರ್ಷ ಖಾಸಗಿ ಪಾಲಿನ 52,507 ಸೀಟುಗಳಲ್ಲಿ ಬಹುಪಾಲು ಕೈತಪ್ಪಿದವು. ಮಿನಾದ ಜಾಗ, ವಸತಿ, ಸಾರಿಗೆಯ ಒಪ್ಪಂದಗಳು ಸೌದಿ ಹೇಳಿದ ಗಡುವಿನೊಳಗೆ ಮುಗಿಯಲಿಲ್ಲ. ಕೊನೆಗೆ ಹತ್ತು ಸಾವಿರ ಜನರಿಗೆ ಮತ್ತೆ ದಾರಿ ತೆರೆಯಿತು. ದುಡ್ಡು ಕೊಟ್ಟು ಇಹ್ರಾಮ್ ಬಟ್ಟೆ ತಂದಿಟ್ಟವರು ಮನೆಯಲ್ಲಿಯೇ ಉಳಿದರು. ಮಿನಾದಲ್ಲಿ ಟೆಂಟು ನಿಗದಿಯಾಗದೆ ವೀಸಾ ಇಲ್ಲ ಎಂಬುದು ಈಗ ಹಜ್‌ನ ರೀತಿ.

ಉಮ್ರಾವೂ ಅದೇ ದಾರಿಗೆ ಬರುತ್ತಿದೆ. 2025ರ ಜೂನ್‌ನಿಂದ ಶುರುವಾದ ಸೀಸನ್‌ನಲ್ಲಿ ಹೋಟೆಲ್ ಬುಕಿಂಗ್ ನುಸುಕ್ ಮಸಾರ್ ವ್ಯವಸ್ಥೆಯೊಳಗೆ ದಾಖಲಾದರೆ ಮಾತ್ರ ಉಮ್ರಾ ವೀಸಾ. ‘ವೀಸಾ ಮೊದಲು ಆಗಲಿ, ರೂಮು ಅಲ್ಲಿ ಹೋಗಿ ನೋಡೋಣ’ ಎನ್ನುವ ಏಜೆಂಟರ ಮಾತು ಇನ್ನು ನಡೆಯದು. ಉಮ್ರಾ ವೀಸಾದಲ್ಲಿ ಮೂರು ತಿಂಗಳು ಇರಬಹುದು ಎಂದು ನೆಚ್ಚಿಕೊಂಡು ಹಜ್ ಹತ್ತಿರದವರೆಗೆ ಉಳಿಯಲೂ ಆಗದು. ಪ್ರತಿ ವರ್ಷ ಒಂದು ಕೊನೆಯ ದಿನ ಇರುತ್ತದೆ. 2025ರಲ್ಲಿ ಒಳಗೆ ಹೋಗಲು ಕೊನೆಯ ದಿನ ಏಪ್ರಿಲ್ 13, ಹೊರಗೆ ಬರಲು ಏಪ್ರಿಲ್ 29. ವೀಸಾದಲ್ಲಿ ಇನ್ನೂ ದಿನ ಉಳಿದಿದ್ದರೂ ಈ ತಾರೀಖಿನದ್ದೇ ಮಾತು.

ಉಮ್ಮನ ಹಜ್ ವೀಸಾದ ಪ್ರತಿ ಬಂದಾಗ ನಾನು ಏನೂ ಹೇಳಲಿಲ್ಲ. ಕನ್ನಡಕ ಕೊಟ್ಟೆ, ಕಾಗದ ಕೊಟ್ಟೆ. ಅವರು ಬಲದಿಂದ ಎಡಕ್ಕೆ ಬೆರಳು ಎಳೆಯುತ್ತ ಬಂದು, ಹಾಅ್ ಅಕ್ಷರವನ್ನು ಗಂಟಲಿನಿಂದ ಸರಿಯಾಗಿ ಹೊರಡಿಸಿ “ಹಜ್” ಎಂದು ಓದಿದರು. ಎರಡೇ ಅಕ್ಷರ. ‘ಝಿಯಾರ ಎಲ್ಲಾದರೂ ಇದೆಯಾ ನೋಡಿ’ ಎಂದು ನನ್ನ ಮಗಳು ತಮಾಷೆ ಮಾಡಿದಳು. ಇಲ್ಲ ಎಂದರು, ಗಂಭೀರವಾಗಿಯೇ. ನಮ್ಮ ಮನೆಗಳ ಇಂಗ್ಲಿಷ್ ಬಾರದ ಉಪ್ಪ ಉಮ್ಮಂದಿರಿಗೆಲ್ಲ ಈ ಮೂರು ಪದಗಳನ್ನು ಅರಬಿಯಲ್ಲಿಯೇ ತೋರಿಸಬಹುದು: ಹಜ್, ಉಮ್ರಾ, ಝಿಯಾರ. ಅವರು ಓದುತ್ತಾರೆ. ಕೈಗೆ ಕಾಗದ ಕೊಡಬೇಕು, ಅಷ್ಟೆ.

ಮೇ ತಿಂಗಳಲ್ಲಿ ಬೆಂಗಳೂರಿನಿಂದ ಹೊರಟ ಅವರ ವಿಮಾನ ಮೊದಲು ಇಳಿದದ್ದು ಮದೀನಾದಲ್ಲಿ, ಅಲ್ಲಿ ಎಂಟು ದಿನ. ಆಗ ಮಕ್ಕಾಕ್ಕೆ ಪರ್ಮಿಟ್ ಇಲ್ಲದ ಇಖಾಮದವರಿಗೂ ಪ್ರವೇಶವಿಲ್ಲ. ಮದೀನಾಕ್ಕೆ ಬರಬಹುದು. ತಮ್ಮ ಹೆಂಡತಿ ಮಕ್ಕಳನ್ನು ಕರೆದುಕೊಂಡು ಜುಬೈಲ್‌ನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಕಾರು ಓಡಿಸಿ ಬಂದ. ಎರಡು ದಿನ ಉಮ್ಮನ ಜೊತೆಗಿದ್ದ. ಹೆಂಗಸರ ಬಸ್ಸು ಮಕ್ಕಾಕ್ಕೆ ಹೊರಟ ದಿನ ಅದರ ಹಿಂದೆಯೇ ಬೀರ್ ಅಲಿಯವರೆಗೆ ಹೋದನಂತೆ. ಅಲ್ಲಿ ಮೀಖಾತಿನ ಮಸೀದಿಯಲ್ಲಿ ಉಮ್ಮ ಇಹ್ರಾಮ್ ನಿಯ್ಯತ್ ಮಾಡಿ ಬಸ್ಸು ಹತ್ತಿದರು. ಕುತ್ತಿಗೆಯಲ್ಲಿ ಗುರುತಿನ ಕಾರ್ಡು, ಕೈಯಲ್ಲಿ ತಸ್ಬೀಹ್. ಬಸ್ಸು ಮಕ್ಕಾ ದಾರಿಗೆ ತಿರುಗಿದ ಮೇಲೆ ತಮ್ಮ ಕಾರಿನಿಂದಲೇ ನನಗೆ ಫೋನ್ ಮಾಡಿದ. “ಉಮ್ಮ ಹೋದರು,” ಎಂದ, “ನಾನು ಇಲ್ಲಿಂದ ವಾಪಸ್.”